ಮಾಸ್ತರು ಒಟಿಪಿ ಕಾಯಾಕತ್ತಾರ

ಬಾಗಲಕೋಟೆ ಜಿಲ್ಲೆಯ ಗಲಗಲಿ ಸೀಮೆಯ ಯಾವುದಾದರೂ ಸರ್ಕಾರಿ ಸಾಲಿಗೆ ಮುಂಜಾನೆ ಹೋಗಿ ನೋಡಿ. ಮಕ್ಕಳು ಮಗ್ಗಿ ಒದರುತ್ತಿರುತ್ತಾರೆ, ಮಾಸ್ತರು ಮೊಬೈಲ್ ದಿಟ್ಟಿಸುತ್ತಿರುತ್ತಾರೆ. ರೀಲ್ಸ್ ಅಂತ ತಪ್ಪು ತಿಳಿಯಬೇಡಿ, ಅದು ಸರ್ಕಾರಿ ಕೆಲಸ; ಪೋರ್ಟಲ್ ತೆರೆಯಲು ಒಟಿಪಿ ಬರಬೇಕು. ನಿನ್ನೆ ಮೊಟ್ಟೆ ತಿಂದವರೆಷ್ಟು, ಬಾಳೆಹಣ್ಣು ತಿಂದವರೆಷ್ಟು, ಮಕ್ಕಳ ದಾಖಲೆಯ ಪೋರ್ಟಲ್ ಸ್ಯಾಟ್ಸ್‌ಗೆ ಒಪ್ಪಿಸಬೇಕು. ಶೌಚಾಲಯವೆಷ್ಟು, ನಲ್ಲಿ ಎಷ್ಟು, ಶಾಲೆಗಳ ಅಂಕಿಅಂಶದ ಪೋರ್ಟಲ್ ಯುಡೈಸ್‌ಗೆ ಹೇಳಬೇಕು. ವಿದ್ಯಾರ್ಥಿಯ ಗುರುತುಸಂಖ್ಯೆಯಾದ ಅಪಾರ್ ಐಡಿಗೆ ಆಧಾರ್ ತಾಳೆಯಾಗಬೇಕು; ಹಾಜರಿಯಲ್ಲಿ ‘ಬಸವರಾಜ’, ಆಧಾರ್‌ನಲ್ಲಿ ‘ಬಸಪ್ಪ’ ಆದನೋ, ಹುಡುಗ ಮುಂದಿನ ಸಾಲಿನಲ್ಲಿ ಕುಳಿತು ಮೂಗು ಒರೆಸಿಕೊಳ್ಳುತ್ತಿದ್ದರೂ ಲೆಕ್ಕಕ್ಕಿಲ್ಲ. ಯಂತ್ರ ಮಕ್ಕಳಿಗೆ ಕಲಿಸುತ್ತದೆ ಅಂದುಕೊಂಡಿದ್ದೆವು. ಈಗ ಮಾಸ್ತರು ದಿನವಿಡೀ ಯಂತ್ರಕ್ಕೇ ಪಾಠ ಹೇಳುತ್ತಾರೆ, ಅದು ‘ಮತ್ತೊಮ್ಮೆ ಪ್ರಯತ್ನಿಸಿ’ ಅನ್ನುತ್ತದೆ. ಇಷ್ಟು ದಡ್ಡ ವಿದ್ಯಾರ್ಥಿಯನ್ನು ಯಾವ ಸಾಲಿಯೂ ಕಂಡಿರಲಿಲ್ಲ.

ಪ್ರೌಢಶಾಲೆಗಳಿಗೆ ‘ಮಾಹಿತಿ ಸಿಂಧು’ ಯೋಜನೆ ಹರಿದು ಕಂಪ್ಯೂಟರ್ ಬಂದದ್ದು 2001ರ ಸುಮಾರಿಗೆ. ಸರ್ಕಾರಿ ಸಾಲಿ, ಕಾಲೇಜುಗಳಿಗೆ ಉಚಿತ ಕರೆಂಟು ಘೋಷಣೆಯಾದದ್ದು 2023ರ ರಾಜ್ಯೋತ್ಸವದ ದಿನ. ನಡುವಿನ ಎರಡು ದಶಕ ಆ ಕಂಪ್ಯೂಟರುಗಳು ಏನು ಮಾಡುತ್ತಿದ್ದವು ಎಂದು ಕೇಳುವುದು ಉದ್ಧಟತನವಾದೀತು. ಆಯುಧಪೂಜೆಗೆ ಕುಂಕುಮ ಹಚ್ಚಿಸಿಕೊಳ್ಳುತ್ತಿದ್ದವು.

ಈ ನಡುವೆಯೇ ಪಠ್ಯಪುಸ್ತಕದಲ್ಲಿ ದೀಕ್ಷಾ ಪೋರ್ಟಲಿನ ಕ್ಯೂಆರ್ ಕೋಡ್ ಬಂತು; ಫೋನ್ ಹಿಡಿದರೆ ಪಾಠ ತೆರೆಯಬೇಕು. ಮನೆಯ ಒಂದೇ ಫೋನು ಅಪ್ಪನ ಕಿಸೆಯಲ್ಲಿ ಹೊಲಕ್ಕೆ ಹೋಗಿರುತ್ತದೆ, ಬನಹಟ್ಟಿಯಾದರೆ ಮಗ್ಗಕ್ಕೆ. ಮಗು ಆ ಚೌಕಕ್ಕೆ ಬಣ್ಣ ತುಂಬುತ್ತದೆ. ಪದವಿಯವರ ಪಾಡು ಅವರ ಅಂಕ ಇಟ್ಟುಕೊಂಡ ಪೋರ್ಟಲ್ ಯುಯುಸಿಎಂಎಸ್‌ಗೇ ಗೊತ್ತು. ಹದಿನೆಂಟನೇ ಶತಮಾನದ ನಮ್ಮ ಹರಿದಾಸಿ ಗಲಗಲಿ ಅವ್ವನ ಹಾಡುಗಳು ಹೆಂಗಸರ ಬಾಯಲ್ಲೇ ಬ್ಯಾಕಪ್ ಆಗಿ ಉಳಿದವು. ಹೋದ ಸೆಮಿಸ್ಟರಿನ ಅಂಕ ಮಾತ್ರ ‘ಸರ್ವರ್ ಬ್ಯುಸಿ’.

ಸರ್ಕಾರಕ್ಕೆ ಕಾಯದೆ, ಕೈಯಿಂದ ರೊಕ್ಕ ಹಾಕಿ, 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೇ ಅಡ್ಡ ಬ್ಯಾರೇಜ್ ಕಟ್ಟಿದ ರೈತರ ಸೀಮೆ ಇದು. ಅವರ ಮೊಮ್ಮಕ್ಕಳ ಮಾಸ್ತರು ಆರಂಕಿಯ ಒಟಿಪಿ ದಾಟಲಾರದೆ ಕುಳಿತಿದ್ದಾರೆ.

ಒಂದು ಯಂತ್ರ ಮಾತ್ರ ಚೊಕ್ಕ ಕೆಲಸ ಮಾಡಿತು. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಶೇ 73.40ಕ್ಕೆ ಕುಸಿಯಿತು. ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ! ಇಷ್ಟು ವರ್ಷ ಪಾಸು ಮಾಡಿಸಿದವರು ಯಾರು ಎಂಬುದನ್ನು ಕ್ಯಾಮೆರಾ ಮಾತಾಡದೆ ತೋರಿಸಿತು. ಇಲಾಖೆ ಅಂಕ ಹಂಚಿ ಕೇಳುವವರ ಬಾಯಿ ಮುಚ್ಚಿಸಿತು.

ಈಗ ಮುಖ ನೋಡಿ ಹಾಜರಿ ಹಾಕುವ ಯಂತ್ರದ ಮಾತು. ಮಗುವಿನ ಮುಖವಷ್ಟೇ ಅಲ್ಲ, ಅದರ ಅಜ್ಜನ ಅಡ್ಡಹೆಸರು, ಮನೆಯ ಸಾಲ, ಎಮ್ಮೆ ಈದ ದಿನ ಕೂಡ ಮಾಸ್ತರಿಗೆ ಗೊತ್ತು. ಆದರೂ ಗುರುತು ಹಿಡಿಯಲು ಕ್ಯಾಮೆರಾ ಬೇಕು. ಮುಧೋಳ, ಜಮಖಂಡಿಯ ಸಕ್ಕರೆ ಕಾರ್ಖಾನೆಗಳು ಶುರುವಾದವೆಂದರೆ ಹುಡುಗ ಕಬ್ಬಿನ ಪಡದಲ್ಲಿ. ‘ಗೈರು’ ಎಂಬ ಸುದ್ದಿ ಕ್ಷಣದಲ್ಲಿ ಬೆಂಗಳೂರು ಮುಟ್ಟುತ್ತದೆ. ಕರೆತರಲು ಮಾಸ್ತರು ಬೈಕ್ ಹತ್ತಿ ಹೋದರೆ ಅವರ ಮುಖವೂ ಕ್ಯಾಮೆರಾಕ್ಕೆ ಸಿಗುವುದಿಲ್ಲ. ಇಬ್ಬರೂ ಗೈರು.