ಬರೇ ಮಾರಿ ಕೊಡ್ರಿ ಸಾಕು

ನಮ್ಮ ಕಲಬುರಗಿ ಕಡೆ ಗಾಡಿಯನ್ನು ಯಾರೂ ಚಲಾಯಿಸುವುದಿಲ್ಲ, ಹೊಡೆಯುತ್ತಾರೆ. ಹೀಗಾಗಿ ನಲವತ್ತೇಳನೇ ವಯಸ್ಸಿಗೆ ನಾನು ಸ್ಟಾಫ್ ರೂಮಿನಲ್ಲಿ, "ಕಾರ್ ಹೊಡಿಲಿಕ್ಕಿ ಕಲಿಬೇಕಂತ ಮಾಡೀನ್ರಿ" ಅಂದಾಗ ಗಣಿತದ ಸರ್ ತಲೆ ಎತ್ತದೆ ಕೇಳಿದ್ದು ಒಂದೇ ಪ್ರಶ್ನೆ: "ಯಾರಿಗಿ ಹೊಡಿತೀರಿ ಮೇಡಂ?"

ನಕ್ಕರು ಎಲ್ಲರೂ. ನಗಲಿ. ಹತ್ತೊಂಬತ್ತು ವರ್ಷ ಕಲಬುರಗಿಯಿಂದ ಕಮಲಾಪುರಕ್ಕೆ ಬಸ್ಸಿನಲ್ಲಿ ಹೋಗಿ ಕನ್ನಡ ಪಾಠ ಮಾಡಿ ಬಂದವಳು ನಾನು. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ರೊಕ್ಕವೂ ಇಲ್ಲ. "ಪುಕ್ಕಟೆ ಬಸ್ ಬಿಟ್ಟು ಪೆಟ್ರೋಲ್ ಸುಡ್ತೀ ಅಂದ್ರ ನಿನಗ ರೊಕ್ಕ ಹೆಚ್ಚಾಗ್ಯಾವ" ಅಂತ ಅವ್ವ ಅಂದದ್ದರಲ್ಲಿ ತಪ್ಪೇನಿಲ್ಲ. ಆದರೆ ಮಗ ಬೆಂಗಳೂರಿಗೆ ನೌಕರಿಗೆ ಹೋಗುವಾಗ ಬಿಟ್ಟುಹೋದ ಕಾರು ಮನೆ ಮುಂದೆ ಆರು ತಿಂಗಳಿಂದ ನಿಂತಿದೆ. ನಮ್ಮ ಮನೆಯವರಿಗೆ ಬೈಕ್ ಒಂದಿದ್ದರೆ ಜನ್ಮ ಸಾರ್ಥಕ. ಕಾರಿನ ಕೆಳಗೆ ಬೆಕ್ಕು ಎರಡು ಸಲ ಮರಿ ಹಾಕಿತು. ಮೂರನೇ ಬಾಣಂತನಕ್ಕೆ ಮೊದಲು ಏನಾದರೂ ಮಾಡಲೇಬೇಕಿತ್ತು.

"ಈಗೆಲ್ಲಾ ಆನ್‌ಲೈನ್ ಅದ ಅವ್ವಾ. ಎಲ್‌ಎಲ್ ಮನ್ಯಾಗ ಕುಂತೇ ತೊಗೋಬಹುದು" ಅಂದಳು ಮಗಳು. ಎಲ್‌ಎಲ್ ಅಂದರೆ ಕಲಿಕಾ ಲೈಸನ್ಸು. ಅರ್ಜಿ ಹಾಕುವ ಸರ್ಕಾರಿ ತಾಣದ ಹೆಸರು 'ಸಾರಥಿ'. ಹೆಸರು ಕೇಳಿಯೇ ನನಗೆ ಅರ್ಧ ಧೈರ್ಯ ಬಂತು. ಕೃಷ್ಣನೂ ಗಾಡಿ ಹೊರಡುವ ಮೊದಲು ಹದಿನೆಂಟು ಅಧ್ಯಾಯ ಪಾಠ ಹೇಳಿದವನೇ ಅಲ್ಲವೇ? ಇಲ್ಲಿ ಅಷ್ಟಿಲ್ಲ. ಆಧಾರ್ ನಂಬರ್ ಕೊಟ್ಟು, ಒಟಿಪಿ ಒತ್ತಿ, ರಸ್ತೆ ಸುರಕ್ಷತೆಯ ಒಂದು ವಿಡಿಯೋ ನೋಡಿ ಮುಗಿಸಿದರೆ ಪರೀಕ್ಷೆ.

ನಡುವೆ ಎರಡು ಅಡ್ಡಿ. ನಲವತ್ತು ದಾಟಿದವರು ಡಾಕ್ಟರ ಸರ್ಟಿಫಿಕೇಟ್ ತರಬೇಕು, ಅದು ಒಂದು. ಇನ್ನೊಂದು, ನಮ್ಮ ಆರೋಗ್ಯದ ಬಗ್ಗೆ ನಾವೇ ಬರೆದುಕೊಡುವ ನಮೂನೆ. ಹಗಲು ಬೆಳಕಿನಲ್ಲಿ 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟು ಓದಬಲ್ಲಿರಾ ಅಂತ ಅದರಲ್ಲಿ ಒಂದು ಪ್ರಶ್ನೆ. ಓದಬಲ್ಲೆ. ಆದರೆ ನಮ್ಮೂರ ಬೈಕುಗಳ ಮೇಲೆ ಓದಲಿಕ್ಕೆ ಸಿಗುವುದು ನಂಬರಲ್ಲ, ಮನೆದೇವರ ಹೆಸರು, ಮಗನ ಹೆಸರು, ಒಂದು ಹುಲಿಯ ಚಿತ್ರ. 'ಕೆಎ 32' ಅಂತ ಕಂಡರೆ ಆ ಗಾಡಿಯವ ಪಾಪ, ಹೊಸಬ ಅಂತ ಲೆಕ್ಕ.

ಅರ್ಜಿಯ ಪ್ರಿಂಟಿಗೆ ಅಂತ ಒಂದು ಇಂಟರ್‌ನೆಟ್ ಸೆಂಟರಿಗೆ ಹೋದೆ. ಒಂದು ವರ್ಗದ ಗಾಡಿಗೆ ಎಲ್‌ಎಲ್ ಶುಲ್ಕ 150 ರೂಪಾಯಿ, ಪರೀಕ್ಷೆಗೆ 50. ಸೆಂಟರಿನ ಹುಡುಗ ಹೇಳಿದ ಮೊತ್ತದಲ್ಲಿ ಒಂದು ಡಜನ್ ಕಮಲಾಪುರದ ಕೆಂಪು ಬಾಳೆಹಣ್ಣು ತಂದು ಮೇಲೆ ಮಾಲ್ಪುರಿಯನ್ನೂ ತಿನ್ನಬಹುದಿತ್ತು. "ಇಷ್ಟ್ಯಾಕಪ್ಪಾ?" ಅಂದೆ. "ಪರೀಕ್ಷಾನೂ ಅದರಾಗೇ ಬಂತ್ರಿ ಮೇಡಂ. ನೀವ್ ಕ್ಯಾಮೆರಾದ ಮುಂದ ಬರೇ ಮಾರಿ ಕೊಡ್ರಿ ಸಾಕು, ಉತ್ತರ ನಾ ಕೊಡ್ತೀನಿ."

ಹತ್ತೊಂಬತ್ತು ವರ್ಷ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕಾವಲು ನಿಂತು, ಕಾಲುಚೀಲದಿಂದ, ಕಂಪಾಸಿನಿಂದ, ಒಮ್ಮೆ ಒಬ್ಬನ ರೊಟ್ಟಿ ಡಬ್ಬಿಯಿಂದ ಚೀಟಿ ಎಳೆದವಳ ಮುಂದೆ ಈ ಮಾತು! ಇನ್ನೂ ಅಚ್ಚರಿ ಅಂದರೆ ಅವನು ನನ್ನ ಹಳೇ ವಿದ್ಯಾರ್ಥಿ. ಪ್ರಿಂಟ್ ತೊಗೊಂಡು ಹೊರಬಿದ್ದೆ. ಪ್ರಿಂಟಿನ ರೊಕ್ಕ ಮಾತ್ರ ಅವನೂ ಬಿಡಲಿಲ್ಲ.

ಮನೆಯಲ್ಲೇ ಕುಳಿತೆ. ವಿಡಿಯೋದಲ್ಲಿನ ರಸ್ತೆ ನೋಡಿ ಹೊಟ್ಟೆ ಉರಿಯಿತು. ಗಾಡಿಗಳೆಲ್ಲ ಒಂದರ ಹಿಂದೊಂದು ಪ್ರಾರ್ಥನೆಗೆ ನಿಂತ ಮಕ್ಕಳಂತೆ. ಜೀಬ್ರಾ ಪಟ್ಟೆಯ ಹತ್ತಿರ ಒಬ್ಬ ಕಾಲಿಟ್ಟರೆ ಎಲ್ಲರೂ ನಿಲ್ಲುತ್ತಾರೆ. ನಮ್ಮೂರ ಸೂಪರ್ ಮಾರ್ಕೆಟ್ ಕಡೆ ಹಾಗೆ ನಿಂತರೆ ಹಿಂದಿನ ಟಂಟಂ ಆಟೋದವ ಇಳಿದು ಬಂದು, "ಮೈಯಾಗ ಆರಾಮ ಅದೀರಿಲ್ರಿ ಅಕ್ಕಾರ?" ಅಂತ ನೀರಿನ ಬಾಟ್ಲಿ ಕೊಟ್ಟಾನು.

ನಮ್ಮ ತಂಗಿಯ ಮಗ ಅಮೆರಿಕದ ಡಲ್ಲಾಸ್‌ನಲ್ಲಿ ಓದುತ್ತಾನೆ. ಟೆಕ್ಸಾಸ್‌ನಲ್ಲಿ 18ರಿಂದ 24 ವಯಸ್ಸಿನವರು ಮೊದಲ ಲೈಸನ್ಸು ತೊಗೊಳ್ಳಬೇಕಾದರೆ ಆರು ತಾಸಿನ ಪಾಠ ಕಡ್ಡಾಯ. ಆನ್‌ಲೈನಲ್ಲೇ ಮುಗಿಸಬಹುದು. ಆರು ತಾಸು! ಅಷ್ಟರಲ್ಲಿ ನಾನು ಕಮಲಾಪುರಕ್ಕೆ ಮೂರು ಸಲ ಹೋಗಿ ಬಂದೇನು. "ನಿದ್ದಿ ಬರಲಿಲ್ಲೇನೋ?" ಅಂತ ಕೇಳಿದೆ. ನಡು ನಡುವೆ ಪ್ರಶ್ನೆ ಕೇಳಿ ಎಬ್ಬಿಸುತ್ತಿದ್ದರಂತೆ. ನಾನು ಎಂಟನೇ ಕ್ಲಾಸಿಗೆ ಮಾಡುವುದೂ ಅದನ್ನೇ. ಇಂಗ್ಲೆಂಡಿನವರದು ಇನ್ನೊಂದು ನಮೂನೆ. ರಸ್ತೆಯ ವಿಡಿಯೋ ತೋರಿಸಿ, ಎಲ್ಲಿ ಅಪಾಯ ಹುಟ್ಟುತ್ತಿದೆ ಅನಿಸುತ್ತದೋ ಅಲ್ಲಿ ಮೌಸ್ ಒತ್ತು ಅನ್ನುತ್ತಾರೆ. ನಮ್ಮೂರ ಜಗತ್ ಸರ್ಕಲ್ಲಿನ ಸಂಜೆ ಆರು ಗಂಟೆಯ ವಿಡಿಯೋ ಅವರಿಗೆ ಕಳಿಸಿದರೆ ಮೌಸಿಗೆ ಮೋಕ್ಷವೇ ಸೈ.

ಪರೀಕ್ಷೆಯ ಪ್ರಶ್ನೆಗಳು ಮಾತ್ರ ಚೆಂದ ಇದ್ದವು, ಸುಳ್ಳು ಹೇಳಬಾರದು. ಬಿಳಿ ಕೋಲು ಹಿಡಿದ ಕುರುಡರು ರಸ್ತೆ ದಾಟುತ್ತಿದ್ದರೆ ಆ ಕೋಲನ್ನೇ 'ನಿಲ್ಲು' ಎಂಬ ಸಂಕೇತ ಅಂತ ತಿಳಿಯಬೇಕು. ಏರಿನಲ್ಲಿ ಮೇಲೆ ಹತ್ತುವ ಗಾಡಿಗೆ ಮೊದಲು ದಾರಿ. ದನ ಕುರಿ ಹೊಡಕೊಂಡು ಬರುವವ, ಪಶು ಬೆದರುತ್ತದೆ ಅಂತ ಕೈ ಮಾಡಿದರೆ ಗಾಡಿ ನಿಲ್ಲಿಸಲೇಬೇಕು. ಆಹಾ, ಕುರಿ ಕಾಯುವವನ ಕೈಗೂ ಪೊಲೀಸರ ಕೈಗೂ ಒಂದೇ ತೂಕ! ನನಗಂತೂ ಈ ನಿಯಮ ಬಹಳ ಹಿಡಿಸಿತು. ಪಾಸಾಗಲು ನೂರಕ್ಕೆ ಅರವತ್ತು ಸಾಕು. ಹಾಗಾದರೆ ಬಿಟ್ಟ ನಲವತ್ತರಲ್ಲಿ ಬ್ರೇಕಿನ ಪ್ರಶ್ನೆಯೂ ಇದ್ದೀತಲ್ಲ ಅಂತ ಮೇಷ್ಟ್ರಿಕೆಯ ತಲೆಗೆ ಒಂದು ಅನುಮಾನ ಬಂತು, ಅದು ಬೇರೆ.

ಕಷ್ಟ ಪ್ರಶ್ನೆಯಲ್ಲಿ ಇರಲಿಲ್ಲ, ಮಾರಿಯಲ್ಲಿತ್ತು. ಪರೀಕ್ಷೆ ಮುಗಿಯುವ ತನಕ ಕ್ಯಾಮೆರಾಕ್ಕೆ ನಮ್ಮ ಮುಖ ಕಾಣುತ್ತಿರಬೇಕು. "ಅವ್ವಾ, ಅತ್ತಕಡಿ ಇತ್ತಕಡಿ ನೋಡಬ್ಯಾಡ. ಕುತ್ತಿಗಿ ಹಂಗೇ ಹಿಡಿ" ಅಂತ ಮಗಳು ಬಾಗಿಲಾಚೆಯಿಂದ ಆರ್ಡರು. ಐದನೇ ಪ್ರಶ್ನೆಗೆ ಅಡುಗೆಮನೆಯಲ್ಲಿ ಕುಕ್ಕರ್ ಮೂರನೇ ಸೀಟಿ ಹೊಡೆಯಿತು. ಇಪ್ಪತ್ತೈದು ವರ್ಷ ಸಂಸಾರ ಮಾಡಿದ ಕುತ್ತಿಗೆ, ತಾನಾಗೇ ತಿರುಗಿತು. ತೊಗರಿಬೇಳೆ ಬೆಂದಿತು, ಪರೀಕ್ಷೆ ಕೆಟ್ಟಿತು. ಎರಡನೇ ಸಲ ಗ್ಯಾಸ್ ಆರಿಸಿ, ಬೆಕ್ಕನ್ನು ಹೊರಗೆ ಹಾಕಿ, ಮನೆಯವರನ್ನು ಶರಣಬಸವೇಶ್ವರ ಅಪ್ಪನ ಗುಡಿಗೆ ಕಳಿಸಿ, ಮದುವೆಗೆ ನೋಡಲು ಬಂದವರ ಮುಂದೆ ಕೂತ ಹಾಗೆ ಕೂತು ಪಾಸಾದೆ.

ಎಲ್‌ಎಲ್ ಆಯುಷ್ಯ ಆರು ತಿಂಗಳು. ಮೂವತ್ತು ದಿನ ಕಳೆದ ಮೇಲೆ ಪಕ್ಕಾ ಲೈಸನ್ಸಿಗೆ ಅರ್ಜಿ ಹಾಕಬಹುದು. ಅಲ್ಲಿಯವರೆಗೆ ಲೈಸನ್ಸಿದ್ದವರು ಒಬ್ಬರು ಪಕ್ಕದಲ್ಲಿ ಇರಬೇಕು, ಬೇಕಾದಾಗ ಗಾಡಿ ನಿಲ್ಲಿಸುವ ಹಾಗೆ ಕೂತಿರಬೇಕು. ಕಲಬುರಗಿಯಲ್ಲಿ ಕಲಿಯುವ ಧೈರ್ಯ ನನಗಿರಲಿಲ್ಲ. ಏಪ್ರಿಲ್ ಬಿಸಿಲಿಗೆ ನಮ್ಮಲ್ಲಿ ಕೆಂಪು ದೀಪ ಬಿದ್ದರೆ ಯಾರೂ ಬಿಳಿ ಗೆರೆಯ ಹತ್ತಿರ ನಿಲ್ಲುವುದಿಲ್ಲ. ಹಿಂದೆ ಎಲ್ಲಿ ಬೇವಿನ ಗಿಡದ ನೆರಳಿದೆಯೋ ಅಲ್ಲೇ ನಿಲ್ಲುತ್ತಾರೆ. ಸಿಗ್ನಲ್ಲು ಒಂದು ಕಡೆ, ಜನ ಒಂದು ಕಡೆ, ನಡುವೆ ಬಟಾಬಯಲು. ಟಂಟಂನವರು ತಿರುಗುವಾಗ ಕೈ ತೋರಿಸುವುದಿಲ್ಲ, ಒಂದು ಕಾಲು ಹೊರಗೆ ಚಾಚುತ್ತಾರೆ. ವಿಡಿಯೋದಲ್ಲಿ ಕೈಸನ್ನೆಯ ಪಾಠ ಇತ್ತು, ಕಾಲ್ಸನ್ನೆಯದು ಇರಲಿಲ್ಲ. ಈ ಊರಲ್ಲಿ ಎಲ್ಲರೂ ಹಾರ್ನ್ ಹೊಡೆಯದೆ ದಾರಿ ಬಿಡುವ ಗಾಡಿ ಅಂದರೆ ಶರಣಬಸವೇಶ್ವರರ ತೇರು ಒಂದೇ.

ಅದಕ್ಕೇ ಕಮಲಾಪುರಕ್ಕೆ, ತವರಿಗೆ ಹೋದೆ. ಅಣ್ಣನದು ಕೆಂಪು ಬಾಳೆಯ ತೋಟ. ಟ್ರ್ಯಾಕ್ಟರಿಗೆ ಟ್ರ್ಯಾಲಿ ಕಟ್ಟಿ, ಎರಡು ಬದುವಿನ ನಡುವೆ ಒಂದೇ ಏಟಿಗೆ ರಿವರ್ಸ್ ಹೋಗುವ ಮನುಷ್ಯ. ಆನ್‌ಲೈನ್ ಪಾಠ ಅಂದರೆ ಅವನಿಗೆ ನಗೆ. "ಈ ಬಾಳಿಗೊನಿ ಆಗಲಿಕ್ಕೇ ಒಂದೂವರಿ ವರ್ಷ ಬೇಕು. ನೀ ಮೂವತ್ತ ದಿನದಾಗ ಡ್ರೈವರ್ ಆಗ್ತೀ?" ಮಗಳು ಮದುವೆ ಸೀರೆಯ ಡಬ್ಬಿ ಕತ್ತರಿಸಿ, ಬಿಳಿ ಹಾಳೆ ಅಂಟಿಸಿ, ಅಳತೆಪಟ್ಟಿ ಇಟ್ಟು 18 ಸೆಂಟಿಮೀಟರ್ ಚೌಕದಲ್ಲಿ ಕೆಂಪು 'ಎಲ್' ಬರೆದುಕೊಟ್ಟಿದ್ದಳು. ಹಿಂದೆ ಮುಂದೆ ಕಟ್ಟಿದ ಕೂಡಲೇ ಓಣಿಯ ಹುಡುಗರು, "ಎಲ್ ಅಂದ್ರ ಲಗ್ನದ ಗಾಡಿ ಏನ್ರಿ ಅತ್ತಿ?" ಅಂತ ಬೆನ್ನು ಹತ್ತಿದರು.

ಕರ್ಣನಿಗೆ ಶಲ್ಯ ಸಾರಥಿಯಾಗಿ ಕೂತು ಬೈದ. ನನ್ನ ಶಲ್ಯ ಪಕ್ಕದ ಸೀಟಿನಲ್ಲಿ, ತೊಡೆಯ ಮೇಲೆ ಬಾಳೆಹಣ್ಣಿನ ಚಿಪ್ಪು. "ಕ್ಲಚ್ ಬಿಡು. ಅಯ್ಯ, ಮೆಲ್ಲಕ ಬಿಡು! ಸಾಲಿ ಬಿಟ್ಟಂಗ ಬಿಡಬ್ಯಾಡ." ಸ್ಟೇರಿಂಗ್ ಎರಡೂ ಕೈಯಲ್ಲಿ ಅವುಚಿಕೊಂಡು ನಾನು ನೆಟ್ಟಗೆ ಗಾಜಿನಲ್ಲೇ ನೋಡುತ್ತಿದ್ದೆ. ಅಣ್ಣ ಅರ್ಧ ಸುಲಿದ ಹಣ್ಣು ಹಿಡಿದು ನನ್ನ ಮುಖವನ್ನೇ ನೋಡಿದ. "ಸೀದಾ ಏನ್ ನೋಡ್ಲತ್ತಿ? ಫೋಟೋ ತೆಗಿಸ್ಲತ್ತಿ ಏನು? ಕುತ್ತಿಗಿ ತಿರುಗಿಸು! ಕನ್ನಡಿ ನೋಡು, ಬಾಜೂಕ ನೋಡು, ಹಿಂದ ನೋಡು!" ಪರೀಕ್ಷೆಯಲ್ಲಿ ಕುತ್ತಿಗೆ ತಿರುಗಿಸಿ ಫೇಲಾದದ್ದನ್ನು ಹೇಳಿದೆ. ಹಣ್ಣು ಬಾಯಿಗೆ ಹೋಗುವುದು ಅಲ್ಲೇ ನಿಂತಿತು. "ಹಂಗಾರ ಪೈಲಾ ಸಲ ಪಾಸ್ ಆಗಿದ್ದಿ ಬಿಡು" ಅಂದ.

ಹನ್ನೆರಡನೇ ದಿನ. ಸೆಕೆಂಡ್ ಗಿಯರಿನಲ್ಲಿ, ಒಮ್ಮೆಯೂ ಬೈಸಿಕೊಳ್ಳದೆ, ಊರ ಹೊರಗಿನ ದಾರಿಯಲ್ಲಿ ಹೋಗುತ್ತಿದ್ದೆ. ಎದುರಿಗೆ ಕುರಿ ಹಿಂಡು. ನಡುವೆ ಒಬ್ಬ ಮುದುಕ, ಹೆಗಲ ಮೇಲೆ ಕಂಬಳಿ. ನಮ್ಮನ್ನು ನೋಡಿ ಕೈ ಎತ್ತಿದ. ಬೆವರು ಒರೆಸಿಕೊಳ್ಳಲು ಎತ್ತಿದನೋ ಏನೋ, ನನಗೆ ಪ್ರಶ್ನೆ ನೆನಪಾಯಿತು, ಉತ್ತರವೂ ನೆನಪಾಯಿತು. ಬ್ರೇಕ್ ಒತ್ತಿದೆ, ಗಾಡಿ ನಿಂತಿತು. ಎಂಜಿನ್ನೂ ನಿಂತಿತು. ಹಿಂದಿನ ಬೈಕಿನವ ಹಾರ್ನ್ ಹೊಡೆದ, ಅವನ ಹಿಂದಿನ ಕ್ರೂಸರ್‌ನವ ಇನ್ನೂ ಜೋರಾಗಿ ಹೊಡೆದ. ನಾನು ಜಗ್ಗಲಿಲ್ಲ. ಕುರಿಗಳೂ ನಿಂತು ನನ್ನನ್ನೇ ನೋಡಿದವು.

ಮುದುಕ ಹತ್ತಿರ ಬಂದು ಗಾಜಿನೊಳಗೆ ಬಗ್ಗಿದ. "ಯಾಕವ್ವಾ, ಗಾಡಿ ಬಂದ್ ಬಿತ್ತೇನು?"

"ಇಲ್ಲ ಕಾಕಾ, ನೀವ್ ಕೈ ಮಾಡಿದ್ರಲ್ಲ, ಅದಕ್ಕ ನಿಲ್ಲಿಸೀನಿ. ಕಾಯ್ದೆ ಅದ."

ಅವನಿಗೆ 'ನಿಲ್ಲಿಸೀನಿ' ಅನ್ನುವುದೊಂದು ಬಿಟ್ಟು ಏನೂ ಕೇಳಿಸಿರಲಿಕ್ಕಿಲ್ಲ. ಕೋಲು ಬದಿಗಿಟ್ಟು, ಬೈಕಿನವನನ್ನು ಕರೆದ, ಕ್ರೂಸರ್‌ನವರನ್ನೂ ಕರೆದ. "ಬರ್ರೋ, ಹೆಣ್ಮಗಳದು ಗಾಡಿ ಕೆಟ್ಟದ, ಒಂದೀಟು ನೂಕ್ರಿ!" ಐದಾರು ಜನ ಹಿಂದೆ ನಿಂತು ಕೈಹಚ್ಚಿದರು. ಕೆಂಪು 'ಎಲ್' ಮುದುಕನ ಅಂಗೈ ಕೆಳಗೆ ಮುದ್ದೆಯಾಯಿತು. ನಾನು ಗಾಜು ಇಳಿಸಿ ಬೇಡ ಬೇಡ ಅಂತ ಕೂಗುತ್ತಿದ್ದರೆ ಅಣ್ಣ ಇನ್ನೊಂದು ಹಣ್ಣಿನ ಸಿಪ್ಪೆ ಸುಲಿಯುತ್ತಾ ಅಂದ:

"ಗಪ್ಪ್ ಕೂಡು. ಮನಿತನಾ ನೂಕ್ತಾರೇನ್ ನೋಡೂಣು."