ತ್ರೀ-ಇನ್-ಒನ್ ರಾಯರು

ನಮ್ಮ ಬಡಾವಣೆಯಲ್ಲಿ ಬರೀ ರಾಯರು ಎಂದರೆ ಯಾವ ರಾಯರು ಎಂದು ಕೇಳುತ್ತಾರೆ. ಜರ್ಕಿನ್ ರಾಯರು ಎಂದರೆ ಹಾಲಿನ ಬೂತಿನ ಹುಡುಗನೂ ಬಂದು ಮನೆ ತೋರಿಸುತ್ತಾನೆ. ಬ್ಯಾಂಕಿನಲ್ಲಿ ಸವೆದು ನಿವೃತ್ತರಾದವರು. ಒಬ್ಬನೇ ಮಗ ಸಿಯಾಟಲ್‌ನಲ್ಲಿದ್ದಾನೆ. ಇಂಥ ರಾಯರು ಬಸವನಗುಡಿಯಲ್ಲಿದ್ದಾರೆ, ಜಯನಗರದಲ್ಲಿ ಬ್ಲಾಕಿಗಿಷ್ಟು ಜನ ಇದ್ದಾರೆ, ಮೈಸೂರಿನ ಕುವೆಂಪುನಗರದಲ್ಲೂ ಸಿಗುತ್ತಾರೆ. ಒಬ್ಬರಿಂದ ಒಬ್ಬರಿಗೆ ಬೇರೆಯಾಗುವುದು ಜರ್ಕಿನ್ನಿನ ಬಣ್ಣ ಅಷ್ಟೇ.

ಮಗನ ಮನೆಯಲ್ಲಿ ಆರು ತಿಂಗಳು ಇದ್ದು ವಾಪಸಾಗುವಾಗ ರಾಯರ ಸೂಟ್‌ಕೇಸಿನಲ್ಲಿ ಬಾದಾಮಿ, ಚಾಕೊಲೇಟು, ವಿಟಮಿನ್ ಮಾತ್ರೆಯ ಡಬ್ಬಿಗಳು ಇಪ್ಪತ್ಮೂರು ಕೆ.ಜಿ.ಯ ಗಡಿ ಮುಟ್ಟಿ ಕೂತಿದ್ದವು. ಹಾಗಾಗಿ ಜರ್ಕಿನ್ ಮೈಮೇಲೇ ಬಂತು. ಅಂದು ದೇವನಹಳ್ಳಿಯಲ್ಲಿ ವಿಮಾನ ಇಳಿದಾಗ ಮೇ ತಿಂಗಳು. ರಾಯರು ಜರ್ಕಿನ್ ಬಿಚ್ಚಲಿಲ್ಲ. ಆಮೇಲೂ ಅದಿಲ್ಲದೆ ಅವರನ್ನು ಕಂಡವರು ಕಡಿಮೆ.

ಅದು ಸಾಮಾನ್ಯ ಜರ್ಕಿನ್ ಅಲ್ಲ, ತ್ರೀ-ಇನ್-ಒನ್. ಹೊರಗಿನ ಕವಚ ಮಳೆಗೆ. ಒಳಗೆ ಜಿಪ್ ಹಾಕಿ ಕೂಡಿಸಿರುವ ಮೆತ್ತನೆಯ ಫ್ಲೀಸ್ ಚಳಿಗೆ. ಎರಡೂ ಸೇರಿದರೆ ಹಿಮಕ್ಕೆ. ಬೆಂಗಳೂರಿನಲ್ಲಿ ಹಿಮ ಎಲ್ಲಿ ಬೀಳುತ್ತದೆ ಸಾರ್ ಎಂದು ಯಾರಾದರೂ ಬಾಯಿ ತಪ್ಪಿ ಕೇಳಿದರೆ ರಾಯರ ಬಳಿ ಉತ್ತರ ಸಿದ್ಧವಾಗಿದೆ. "1884ರ ಜನವರಿ 13ನೇ ತಾರೀಖು ಈ ಊರಲ್ಲಿ 7.8 ಡಿಗ್ರಿ ಆಗಿತ್ತು ಕಣ್ರೀ, ದಾಖಲೆ ಇದೆ. ಮತ್ತೆ ಬಂದ್ರೆ?" 2016ರ ಏಪ್ರಿಲ್‌ನಲ್ಲಿ 39.2 ಆದ ದಾಖಲೆಯೂ ಇದೆಯಲ್ಲ ಎಂದರೆ, ತೋಳೆತ್ತಿ ಕಂಕುಳಲ್ಲಿರುವ ಜಿಪ್ಪನ್ನು ಸರ್ರನೆ ಎಳೆದು ತೋರಿಸುತ್ತಾರೆ. ಅದು ಗಾಳಿಯಾಡಲಿಕ್ಕೆ ಮಾಡಿದ ಕಿಂಡಿ. ಬೇಸಿಗೆ ಅಲ್ಲಿಂದ ಹೊರಗೆ ಹೋಗುತ್ತದಂತೆ.

"ಈ ಬಟ್ಟೆ ಉಸಿರಾಡತ್ತೆ," ಎನ್ನುವುದು ಅವರ ಇನ್ನೊಂದು ಮಾತು. ಸುಳ್ಳಲ್ಲ. ಹೊರಗಿನ ನೀರಹನಿಯನ್ನು ಒಳಗೆ ಬಿಡದೆ, ಒಳಗಿನ ಬೆವರಿನ ಆವಿಯನ್ನು ಮಾತ್ರ ಹೊರಗೆ ಬಿಡುವ ತೆಳುಪೊರೆಯೊಂದು ಅದರೊಳಗಿರುತ್ತದೆ. ಆದರೆ ಆವಿ ಹೊರಗೆ ಹೋಗಬೇಕಾದರೆ ಹೊರಗಿನ ಗಾಳಿ ಒಳಗಿಗಿಂತ ಒಣಗಿರಬೇಕು. ಮಳೆಗೆ ಮುಂಚಿನ ಬೆಂಗಳೂರಿನ ಆ ಬೇಗೆಯಲ್ಲಿ ಜರ್ಕಿನ್ ಉಸಿರಾಡುತ್ತಿರಬಹುದು. ಒಳಗಿರುವ ರಾಯರು ಹೇಗೆ ಉಸಿರಾಡುತ್ತಾರೆ ಎಂಬುದೇ ನಮಗೆಲ್ಲ ಚಿಂತೆ.

ನ್ಯಾಯವಾಗಿ ನೋಡಿದರೆ ತಪ್ಪು ರಾಯರದಲ್ಲ, ಜರ್ಕಿನ್ನಿನದೂ ಅಲ್ಲ. ಎರಡು ಊರಿಗೂ ವರ್ಷಕ್ಕೆ ಬೀಳುವ ಮಳೆ ಹೆಚ್ಚುಕಡಿಮೆ ಒಂದೇ, ಸಾವಿರ ಮಿಲಿಮೀಟರ್ ಆಸುಪಾಸು. ಸಿಯಾಟಲ್ ಅದನ್ನು ಚಳಿಗಾಲದುದ್ದಕ್ಕೂ ಜಿನುಗಿಸಿ ಜಿನುಗಿಸಿ ಖರ್ಚು ಮಾಡುತ್ತದೆ. ಅಲ್ಲಿ ಬೆಳಿಗ್ಗೆ ತೊಟ್ಟ ಜರ್ಕಿನ್ ಸಂಜೆಯವರೆಗೂ ಸರಿ, ಕೊಡೆ ಹಿಡಿದವನನ್ನು ಪರವೂರಿನವನು ಎಂದು ಗುರುತಿಸುತ್ತಾರೆ. ನಮ್ಮದು ಹಾಗಲ್ಲ. ಮೂರು ಸಾವಿರ ಅಡಿ ಎತ್ತರದ ಊರು. ಮುಂಗಾರೂ ಬರುತ್ತದೆ, ಹಿಂಗಾರೂ ಬರುತ್ತದೆ, ಇವೆರಡಕ್ಕೂ ಮೊದಲೇ ಏಪ್ರಿಲ್, ಮೇನಲ್ಲಿ ಗುಡುಗಿನ ಮಳೆ ಬಂದು ಮರ ಬೀಳಿಸಿ ಹೋಗುತ್ತದೆ. ಬೆಳಿಗ್ಗೆ ಆರಕ್ಕೆ ಸ್ವೆಟರ್, ಹನ್ನೊಂದಕ್ಕೆ ಬನಿಯನ್, ನಾಲ್ಕಕ್ಕೆ ದೋಣಿ. 2024ರ ಜೂನ್ 2ರಂದು ಒಂದೇ ದಿನ 111 ಮಿ.ಮೀ. ಸುರಿಯಿತು. ಅಂಥ ಮಳೆಗೆ ಯಾವ ಪೊರೆ ತಾನೇ ಏನು ಮಾಡೀತು?

ಈ ಹವೆಗೆ ತಕ್ಕಂತೆ ಒಂದೇ ಕೋಟನ್ನು ಹೊಂದಿಸುವುದು ರಾಯರ ದಿನಚರಿ. ಮೊಬೈಲಿನಲ್ಲಿ ಹವಾಮಾನ ನೋಡುತ್ತಾರೆ, ಗೋಡೆಗೆ ತೂಗುಹಾಕಿದ ಒಂಟಿಕೊಪ್ಪಲ್ ಪಂಚಾಂಗದಲ್ಲಿ ಯಾವ ಮಳೆ ಹುಟ್ಟಿದೆ ಎಂದು ನೋಡುತ್ತಾರೆ, ಕೊನೆಗೆ ಅಂಗಳಕ್ಕೆ ಬಂದು ಆಕಾಶವನ್ನೂ ನೋಡುತ್ತಾರೆ. ಮೂರೂ ಒಂದೇ ಮಾತು ಹೇಳಿದ ದಿನ ಇಲ್ಲ. ಆದ್ದರಿಂದ ಎರಡು ಪದರವನ್ನೂ ಏರಿಸಿ, ಕೆಳಗೆ ಪಂಚೆ, ಕಾಲಿಗೆ ಮಗನ ಹಳೇ ಸ್ಪೋರ್ಟ್ಸ್ ಶೂ, ತಲೆಗೆ ಮಂಕಿ ಕ್ಯಾಪು, ಅದರ ಮೇಲೆ ಜರ್ಕಿನ್ನಿನದೇ ಟೊಪ್ಪಿ ಧರಿಸಿ ಲಾಲ್‌ಬಾಗಿಗೆ ಹೊರಡುತ್ತಾರೆ. ಪಶ್ಚಿಮದ ಗೇಟು ಹೊಗುವಾಗ ಎವರೆಸ್ಟಿಗೆ ಹೊರಟವರಂತೆ ಕಂಡರೂ ಕೆಂಪೇಗೌಡರ ಗೋಪುರವಿರುವ ಬಂಡೆಯ ಅರ್ಧ ಹತ್ತುವಷ್ಟರಲ್ಲಿ ಟೊಪ್ಪಿ ಇಳಿಯುತ್ತದೆ. ಬಂಡೆಯ ನೆತ್ತಿಯಲ್ಲಿ ಫ್ಲೀಸ್ ಕಳಚಿ ಸೊಂಟಕ್ಕೆ ಬರುತ್ತದೆ. ಅದರ ತೋಳುಗಳನ್ನು ಪಂಚೆಯ ಮೇಲೆ ಗಂಟು ಹಾಕಿದರೆ, ಪಂಚೆಗೂ ಭದ್ರ. ಇಳಿಯುವಾಗ ಕವಚ ಎಡಗೈ ಮೇಲೆ. ಹೀಗೆ ಸಕಲ ಹವಾಮಾನಕ್ಕೂ ಒದಗುವ ಆ ಕೋಟು ದಿನದ ಬಹುಭಾಗ ಕಳೆಯುವುದು ರಾಯರ ಎಡಗೈಯಲ್ಲಿ.

ಮದುವೆಗೂ ಅದೇ. ರೇಷ್ಮೆ ಪಂಚೆ ಉಟ್ಟು, ಶಲ್ಯದ ಜಾಗದಲ್ಲಿ ಕವಚವನ್ನು ಮಡಿಚಿ ಹೆಗಲಿಗೆ ಹಾಕಿಕೊಂಡು ಬರುತ್ತಾರೆ. ಕಲ್ಯಾಣ ಮಂಟಪದ ಎ.ಸಿ. ಅವರಿಗೆ ಆಗುವುದಿಲ್ಲ. ವಧೂವರರಿಗೆ ಅಕ್ಷತೆ ಹಾಕಿ ಫೋಟೋಗೆ ನಿಂತಾಗ ಫೋಟೋಗ್ರಾಫರ್, "ಅಂಕಲ್, ಆ ರೈನ್‌ಕೋಟ್ ಸ್ವಲ್ಪ ಪಕ್ಕಕ್ಕಿಡಿ," ಎಂದ. ರಾಯರ ಮುಖ ಸಣ್ಣದಾಯಿತು. ಜರ್ಕಿನ್ನನ್ನು ರೈನ್‌ಕೋಟ್ ಎನ್ನುವುದು ಮ್ಯಾನೇಜರನ್ನು ಕ್ಯಾಷಿಯರ್ ಎಂದ ಹಾಗೆ. ಊಟದ ಪಂಕ್ತಿಯಲ್ಲಿ ಅದಕ್ಕೆ ಪರಿಹಾರ ಸಿಕ್ಕಿತು: ಬಡಿಸುವವನ ಸೌಟಿನಿಂದ ಹುಳಿ ಚೆಲ್ಲಿತು, ಕೆಸುವಿನ ಎಲೆಯ ಮೇಲಿನ ನೀರಿನಂತೆ ಜರ್ಕಿನ್ ಮೇಲಿಂದ ಉರುಳಿ ಪಕ್ಕದವರ ಜರಿ ಪಂಚೆಗೆ ಇಳಿಯಿತು. "ನೋಡಿದ್ರಾ!" ಎಂದರು ರಾಯರು, ಪಕ್ಕದವರಿಗೇ.

ಜೇಬುಗಳ ವಿಷಯ ಬೇರೆಯೇ. ಎದೆಯ ಜೇಬು, ಅದರೊಳಗೊಂದು ಜೇಬು, ಕೈ ಇಳಿಬಿಡುವ ಜೇಬು, ತೋಳಿನ ಮೇಲೊಂದು ಜೇಬು. ಬಿ.ಪಿ. ಮಾತ್ರೆ, ಆಧಾರ್ ಜೆರಾಕ್ಸು, ಕಂದಾಯ ಕಟ್ಟಿದ ರಸೀತಿ, ಕಳೆದ ಕಾರ್ತಿಕದ ಪರಿಷೆಯ ಕಡಲೇಕಾಯಿ ಸಿಪ್ಪೆ, ದೇವಸ್ಥಾನದ ಕುಂಕುಮದ ಪೊಟ್ಟಣ, ಜೊತೆಗೆ ಸಿಯಾಟಲ್ ಬಸ್ಸಿನ ಓರ್ಕಾ ಕಾರ್ಡು. ಮೆಟ್ರೋ ಗೇಟಿನ ಮುಂದೆ ನಿಂತು ರಾಯರು ಒಂದೊಂದೇ ಜಿಪ್ ಎಳೆಯುತ್ತ ಹೋದರೆ ಹಿಂದೆ ಸಾಲು ಬೆಳೆಯುತ್ತದೆ. ಕೊನೆಗೂ ಕಾರ್ಡು ಸಿಕ್ಕಿ ಮುಟ್ಟಿಸಿದರೆ ಗೇಟು ತೆರೆಯುವುದಿಲ್ಲ. ಅದು ಸಿಯಾಟಲಿನದು.

ಅವರ ಮಹಡಿಯ ಮೇಲೆ ಬಾಡಿಗೆಗಿರುವ ಅಜ್ಜ ತೀರ್ಥಹಳ್ಳಿ ಕಡೆಯವರು. ಜರ್ಕಿನ್ ಬಣ್ಣನೆ ಪೂರ್ತಿ ಕೇಳಿ, "ನಮ್ಮಲ್ಲಿ ಇದಕ್ಕೆ ಕಂಬಳಿ ಕೊಪ್ಪೆ ಅಂತಿದ್ರು ಮಾರಾಯ್ರೆ," ಎಂದರು. ಕುರಿ ಕಂಬಳಿಯ ಒಂದು ಮೂಲೆ ಮಡಿಚಿ ತಲೆಗೆ ಸಿಕ್ಕಿಸಿದರೆ ಗದ್ದೆಯ ಮಳೆಗಾಯಿತು. ಒದ್ದೆಯಾದರೂ ಬೆಚ್ಚಗೇ ಇರುತ್ತದೆ. ಬಿಸಿಲು ಬಂದರೆ ಹೆಗಲಿಗೆ, ಕೂರಲು ನೆಲಕ್ಕೆ, ರಾತ್ರಿ ಹೊದೆಯಲಿಕ್ಕೆ. ಲೆಕ್ಕ ಹಾಕಿದರೆ ಅದು ಫೋರ್-ಇನ್-ಒನ್, ಜಿಪ್ಪೇ ಇಲ್ಲ. ರಾಯರು ಸ್ವಲ್ಪ ಹೊತ್ತು ಯೋಚಿಸಿ ಕೇಳಿದರು: "ಜೇಬಿದೆಯಾ?"

ಮನೆಯೊಳಗಿನ ಯುದ್ಧ ಒಗೆಯುವ ದಿನ ನಡೆಯುತ್ತದೆ. "ರೀ, ಅದನ್ನ ಬಿಚ್ಚಿ ಕೊಡಿ, ವಾಸನೆ ಬರ್ತಿದೆ." "ಕೊಡ್ತೀನಿ, ಆದ್ರೆ ಆ ಮಲ್ಲಿಗೆ ವಾಸನೆ ಕಂಡೀಷನರ್ ಹಾಕ್ಬೇಡ ಕಣೆ, ನೀರು ತಡೆಯೋ ಗುಣ ಹೋಗತ್ತೆ." "ನಿಮ್ಮ ಪಂಚೆಗೆ ಇಷ್ಟು ಕಾಳಜಿ ಇದ್ದಿದ್ರೆ!" ಮಗ ಹೇಳಿಕೊಟ್ಟ ಹಾಗೆ ರಾಯರೇ ಅದನ್ನು ಸೌಮ್ಯ ಸೋಪಿನಲ್ಲಿ ಒಗೆದು, ಹದವಾದ ಇಸ್ತ್ರಿಯನ್ನು ಬಟ್ಟೆ ಅಡ್ಡವಿಟ್ಟು ಆಡಿಸುತ್ತಾರೆ. ಆ ಶಾಖಕ್ಕೆ ನೀರು ಜಾರಿಸುವ ಲೇಪ ಮತ್ತೆ ಚುರುಕಾಗುತ್ತದೆ. ಮೂವತ್ತು ಚಿಲ್ಲರೆ ವರ್ಷದ ಸಂಸಾರದಲ್ಲಿ ಅವರು ಇಸ್ತ್ರಿ ಪೆಟ್ಟಿಗೆ ಹಿಡಿದದ್ದು ಇದೇ ಮೊದಲು ಎಂದು ಅವರಾಕೆ ನಮ್ಮ ಮನೆಯಲ್ಲಿ ಬಂದು ಹೇಳಿ ಹೋದರು.

ಕಳೆದ ಅಕ್ಟೋಬರ್‌ನಲ್ಲಿ, ಚಿತ್ತಾ ಮಳೆ ನಡೆಯುತ್ತಿದ್ದಾಗ ಒಂದು ದಿನ ಮೊಬೈಲೂ ಆಕಾಶವೂ ಅಪರೂಪಕ್ಕೆ ಒಪ್ಪಿಕೊಂಡು ಬಿಸಿಲು ಎಂದವು. ಎರಡು ಸಾಕ್ಷಿ ಸಿಕ್ಕಿದ ಮೇಲೆ ಪಂಚಾಂಗದ ಮಾತು ಯಾರು ಕೇಳುತ್ತಾರೆ? ರಾಯರು ಕವಚ ಬಿಟ್ಟು, ಬರೀ ಫ್ಲೀಸ್ ತೊಟ್ಟು ಗಾಂಧಿ ಬಜಾರಿಗೆ ಹೂವು ತರಲು ಹೋದರು. ನಾಲ್ಕು ಗಂಟೆಗೆ ಮಳೆ ಹಿಡಿಯಿತು. ಅಂಗಡಿಯೊಂದರ ಮುಚ್ಚಿದ ಷಟರಿನ ಮುಂದೆ ಸೇವಂತಿಗೆ ಮೊಳವನ್ನು ಎದೆಗೊತ್ತಿಕೊಂಡು ನಿಂತಿದ್ದ ಅವರನ್ನು ಗುರುತಿನವರೆಲ್ಲ ಕೊಡೆಯಡಿಯಿಂದ ಇಣುಕಿ, "ಏನ್ ರಾಯರೇ, ಇವತ್ತು ಜರ್ಕಿನ್ ಇಲ್ವಾ?" ಎಂದರು. "ಇದೂ ಜರ್ಕಿನ್ನೇ. ಒಳಭಾಗ," ಎಂದರು ರಾಯರು.

ತೊಯ್ದು ತೊಪ್ಪೆಯಾಗಿ ಮನೆಗೆ ಬಂದರೆ ಟೆರೇಸಿನ ಮೆಟ್ಟಿಲಿಂದ ಅವರಾಕೆ ಇಳಿದು ಬರುತ್ತಿದ್ದರು. ಒಂದು ಕಂಕುಳಲ್ಲಿ ಒಣಹಾಕಿದ್ದ ಬಟ್ಟೆಯ ಗಂಟು, ಇನ್ನೊಂದರಲ್ಲಿ ಸಂಡಿಗೆಯ ಮೊರ. ಸೀರೆಯ ಮೇಲೆ ರಾಯರ ಕವಚ, ಟೊಪ್ಪಿ ಹಣೆಯವರೆಗೆ, ಜಿಪ್ ಕೊರಳವರೆಗೆ.

"ಚೆನ್ನಾಗಿದೆ ಕಣ್ರೀ ಇದು! ಅಷ್ಟು ಮಳೆಲೂ ಒಂದು ಹನಿ ಒಳಗೆ ಬರ್ಲಿಲ್ಲ."

ರಾಯರು ತಲೆ ಒರೆಸಿಕೊಳ್ಳುವ ಮೊದಲೇ ಮಗನಿಗೆ ಫೋನ್ ಮಾಡಿದರು. ಅಲ್ಲಿ ಬೆಳಗಿನ ಜಾವ ನಾಲ್ಕೂವರೆಯಾಗಿತ್ತು. "ಹೇಳ್ದೆ ಅಲ್ವಾ, ಒಂದು ಹನಿ ಒಳಗೆ ಬರಲ್ಲ ಅಂತ!" ಎಂದು ಕೂಗಿದರು, ಮೂಗಿನ ತುದಿಯಿಂದ ನೀರು ಫೋನಿನ ಮೇಲೆ ತೊಟ್ಟಿಕ್ಕುತ್ತಿತ್ತು. ಅಂದಿನಿಂದ ಮಳೆ ಕವಿದಾಗಲೆಲ್ಲ ಕವಚ ಟೆರೇಸಿನ ಬಾಗಿಲ ಮೊಳೆಯಲ್ಲಿರುತ್ತದೆ. ರಾಯರ ಪಾಲಿಗೆ ಉಳಿದಿರುವುದು ಫ್ಲೀಸು ಮತ್ತು ಒಂದು ಕೊಡೆ.

ನಿಮ್ಮ ಮಗನೋ ಮಗಳೋ ಅಲ್ಲಿಂದ ಹೊರಡುವ ಮುಂಚೆ ಫೋನ್ ಮಾಡಿ, ಅಪ್ಪನಿಗೆ ಏನು ತರಲಿ ಎಂದು ಕೇಳಿದರೆ ದಯವಿಟ್ಟು ಬಾದಾಮಿ ಎನ್ನಿ. ಜರ್ಕಿನ್ನೇ ತರುತ್ತೇನೆಂದು ಹಟ ಹಿಡಿದರೆ, ಅಮ್ಮನ ಅಳತೆಯದು ತರಲು ಹೇಳಿ.