ಡಿಫೆಂಡರ್ ಜೋಡಿಗಳ ಸಮಾಸಪ್ರಕರಣ

ಭಾರತೀಯರು ವಿಂಗಡಿಸದೆ ಬಿಟ್ಟ ವಸ್ತು ಕಡಿಮೆ. ನಾಯಕರನ್ನು ಧೀರೋದಾತ್ತ, ಧೀರಲಲಿತ ಎಂದು ಬೇರ್ಪಡಿಸಿದರು, ನಾಯಿಕೆಯರಲ್ಲಿ ಎಂಟು ಬಗೆ ಕಂಡರು, ಆನೆ ಕುದುರೆಗಳಿಗೂ ಲಕ್ಷಣಗ್ರಂಥ ಬರೆದರು. ಆದರೆ ಹಾಕಿ ತಂಡದ ಹಿಂಬದಿಯಲ್ಲಿ ಗೋಲ್‌ಕೀಪರನಿಗೆ ಮುಂದಾಗಿ, ಉಳಿದೆಲ್ಲರಿಗೂ ಹಿಂದಾಗಿ ನಿಲ್ಲುವ ಆ ಇಬ್ಬರ ಬಗ್ಗೆ ಒಂದು ಸೂತ್ರವನ್ನೂ ಯಾರೂ ಬರೆದಿಲ್ಲ. 2026ರ ಋತುವಿಗೆ ಕೋಚ್ ಕ್ರೇಗ್ ಫುಲ್ಟನ್ ಭಾರತದ ಡಿಫೆನ್ಸನ್ನು ಹೇಗೆ ಜೋಡಿಸಬೇಕು ಎಂಬ ಚರ್ಚೆ ನಡೆದಿರುವಾಗ ಈ ಕೊರತೆ ಎದ್ದು ಕಾಣುತ್ತದೆ. ಅದನ್ನು ನೀಗಲು ಹೊಸ ಶಾಸ್ತ್ರವನ್ನೇನೂ ಕಟ್ಟಬೇಕಿಲ್ಲ. ಎರಡು ಪದ ಕೂಡಿ ಒಂದಾಗಿ ನಿಲ್ಲುವ ಬಗೆಯನ್ನು ವೈಯಾಕರಣ ಕೇಶಿರಾಜ 13ನೇ ಶತಮಾನದಲ್ಲೇ ಸಮಾಸ ಎಂಬ ಪ್ರಕರಣವಾಗಿ ಬರೆದಿಟ್ಟಿದ್ದಾನೆ. ಪದಗಳಿದ್ದ ಜಾಗದಲ್ಲಿ ಡಿಫೆಂಡರ್‌ಗಳನ್ನು ನಿಲ್ಲಿಸಿದರೆ ಸಾಕು.

ಇಲ್ಲಿ ಪೂರ್ವಪಕ್ಷಿಯೊಬ್ಬ ಎದ್ದು ನಿಲ್ಲುತ್ತಾನೆ. ‘ಸ್ವಾಮಿ, ಜೋಡಿ ಎಂಬುದೇ ಈಗ ಎಲ್ಲಿದೆ? ಇಬ್ಬರು ಬ್ಯಾಕ್, ಮೂವರು ಹಾಫ್, ಐವರು ಫಾರ್ವರ್ಡ್ ಇದ್ದ ಕಾಲ ಹೋಯಿತು. 1990ರ ದಶಕದಲ್ಲಿ ಆಫ್‌ಸೈಡ್ ನಿಯಮವೂ ಹೋಯಿತು. ಈಗ ಹಿಂದೆ ನಾಲ್ವರು ನಿಲ್ಲುತ್ತಾರೆ, ಆಟಗಾರರು ನಿಮಿಷನಿಮಿಷಕ್ಕೂ ಒಳಗೆ ಹೊರಗೆ ಓಡಾಡುತ್ತಾರೆ.’ ಆಕ್ಷೇಪ ಸರಿಯೇ. ಆದರೆ ನಾಲ್ವರಲ್ಲಿ ಅಂಚಿನ ಇಬ್ಬರು ಚೆಂಡಿನೊಂದಿಗೆ ಮೇಲೆ ಓಡಿದಾಗ ನಡುವೆ ಉಳಿಯುವವರು ಇಬ್ಬರೇ. ಎದುರಾಳಿಯ ಪ್ರತಿದಾಳಿ ಬರುವುದೂ ಸರಿಯಾಗಿ ಆ ಹೊತ್ತಿಗೇ. ಆದ್ದರಿಂದ ಶಾಸ್ತ್ರ ನಿಲ್ಲುತ್ತದೆ, ಪೂರ್ವಪಕ್ಷಿ ಕೂರುತ್ತಾನೆ.

ಎಲ್ಲ ಪದಗಳೂ ಪ್ರಧಾನವಾದರೆ ಅದು ದ್ವಂದ್ವ. ಇದಕ್ಕೆ ಮೆಕ್ಸಿಕೋಗಿಂತ ಉತ್ತಮ ಉದಾಹರಣೆ ಸಿಗದು. 1968ರ ಒಲಿಂಪಿಕ್ಸ್‌ಗೆ ಭಾರತ ಪೃಥಿಪಾಲ್ ಸಿಂಗ್ ಮತ್ತು ಗುರುಬಕ್ಷ್ ಸಿಂಗ್ ಇಬ್ಬರನ್ನೂ ಜಂಟಿ ನಾಯಕರನ್ನಾಗಿ ಮಾಡಿ ಕಳಿಸಿತು. ಇಬ್ಬರೂ ಡಿಫೆಂಡರ್‌ಗಳು, ನಾಲ್ಕು ವರ್ಷಗಳ ಹಿಂದೆ ಟೋಕಿಯೋದಲ್ಲಿ ಚಿನ್ನ ಗೆದ್ದ ತಂಡದವರು. ಇವರ ನಡುವೆ ‘ಮತ್ತು’ ಎಂಬ ಅವ್ಯಯವೊಂದೇ ಇತ್ತು, ಅದೂ ಸಡಿಲವಾಗಿತ್ತು. 1928ರಿಂದ ಪ್ರತಿ ಒಲಿಂಪಿಕ್ಸ್‌ನಲ್ಲೂ ಚಿನ್ನವನ್ನೋ ಬೆಳ್ಳಿಯನ್ನೋ ತರುತ್ತಿದ್ದ ತಂಡ ಆ ಸಲ ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾಕ್ಕೆ ಸೋತು ಕಂಚು ತಂದಿತು. ಸೋಲಿಗೆ ಜಂಟಿ ನಾಯಕತ್ವವೊಂದೇ ಕಾರಣವೆಂದು ಶಾಸ್ತ್ರಕಾರ ಹೇಳಲಾರ. ಆದರೂ ದ್ವಂದ್ವವನ್ನು ಕೋಚ್‌ಗಳಿಗೆ ಶಿಫಾರಸು ಮಾಡಲು ಅವನ ಲೇಖನಿ ಏಳುವುದಿಲ್ಲ.

ಎರಡು ಪದಗಳೂ ಒಂದೇ ವಿಭಕ್ತಿಯಲ್ಲಿದ್ದರೆ ಕರ್ಮಧಾರಯ. ಇಲ್ಲಿ ಇಬ್ಬರೂ ಒಂದೇ ಕಸುಬಿನವರು, ಅಂದರೆ ಇಬ್ಬರೂ ಡ್ರ್ಯಾಗ್‌ಫ್ಲಿಕ್ ಹೊಡೆಯುವವರು. ನಮ್ಮ ಕೊಡಗಿನ ವಿ.ಆರ್. ರಘುನಾಥ್ ಮತ್ತು ರೂಪಿಂದರ್ ಪಾಲ್ ಸಿಂಗ್ ಈ ಜಾತಿಯವರು. ರಿಯೋ ಒಲಿಂಪಿಕ್ಸ್‌ಗೆ ಇವರ ಜೊತೆ ಇಪ್ಪತ್ತರ ಹರ್ಮನ್‌ಪ್ರೀತ್ ಸಿಂಗ್ ಕೂಡ ಹೋದಾಗ ವಿಶೇಷಣಗಳೇ ಹೆಚ್ಚಾಗಿ ವಿಶೇಷ್ಯ ಯಾವುದೆಂದು ಹುಡುಕುವಂತಾಯಿತು. ಆದರೆ ಐದು ವರ್ಷಗಳ ನಂತರ ಟೋಕಿಯೋದಲ್ಲಿ ಅದೇ ಕರ್ಮಧಾರಯ ಫಲ ಕೊಟ್ಟಿತು. ಜರ್ಮನಿಯನ್ನು 5-4ರಿಂದ ಮಣಿಸಿದ ಕಂಚಿನ ಪಂದ್ಯದಲ್ಲಿ ಹರ್ಮನ್‌ಪ್ರೀತ್ 29ನೇ ನಿಮಿಷದಲ್ಲಿ, ರೂಪಿಂದರ್ 31ನೇ ನಿಮಿಷದಲ್ಲಿ ಗೋಲು ಹೊಡೆದರು. ಹಿಂದೆ ನಿಲ್ಲಬೇಕಾದವರಿಬ್ಬರೂ ಮುಂದೆ ಹೆಸರು ಬರೆಸಿಕೊಂಡ ಪಂದ್ಯ ಅದು. ಕೊನೆಯ ಕ್ಷಣಗಳ ಪೆನಾಲ್ಟಿ ಕಾರ್ನರನ್ನು ತಡೆದು ಜಗತ್ತಿನ ನೆನಪಿನಲ್ಲಿ ಉಳಿದವರು ಮಾತ್ರ ಗೋಲ್‌ಕೀಪರ್ ಶ್ರೀಜೇಶ್. ಎರಡು ಪದ ಕೂಡಿ ದುಡಿದರೂ ಅರ್ಥ ಮೂರನೆಯವರಿಗೆ ಸಲ್ಲುವುದೇ ಬಹುವ್ರೀಹಿ, ಆದ್ದರಿಂದ ಅದನ್ನು ಬೇರೆಯಾಗಿ ವಿವರಿಸುವುದಿಲ್ಲ. ಶ್ರೀಜೇಶ್ 2024ರಲ್ಲಿ ನಿವೃತ್ತರಾದ ಮೇಲೆ ಬಹುವ್ರೀಹಿಗಳು ಅನ್ಯಪದವಿಲ್ಲದೆ ಅಲೆಯುತ್ತಿವೆ.

ಈಗಿನ ಭಾರತದ ಮುಖ್ಯ ಜೋಡಿ ತತ್ಪುರುಷ. ಉತ್ತರಪದ ಪ್ರಧಾನ, ಪೂರ್ವಪದ ತನ್ನ ವಿಭಕ್ತಿಯನ್ನು ಕಳೆದುಕೊಂಡು ಅದಕ್ಕೆ ದುಡಿಯುತ್ತದೆ. ಉತ್ತರಪದ ನಾಯಕ ಹರ್ಮನ್‌ಪ್ರೀತ್, ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 10 ಗೋಲು ಹೊಡೆದವರು. ಪೂರ್ವಪದ ಒಡಿಶಾದ ಅಮಿತ್ ರೋಹಿದಾಸ್. ಇವರ ಕೆಲಸ ಎಂಥದ್ದೆಂದು ನೋಡಿ: ಎದುರಾಳಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಾಗ ಗೋಲಿನ ಗೆರೆಯಿಂದ ಎಲ್ಲರಿಗಿಂತ ಮೊದಲು ಹೊರಕ್ಕೆ ಧಾವಿಸಿ, ಡ್ರ್ಯಾಗ್‌ಫ್ಲಿಕ್ ಹೊಡೆಯುವವನ ಕೋಲಿಗೆ ಎದೆಯೊಡ್ಡುವುದು. ಮುಖಕವಚ, ಮೊಣಕಾಲುಕವಚ ಕಟ್ಟಿಕೊಂಡು ಮಾಡುವ ಕೆಲಸ. ಗೋಲು ತಪ್ಪಿದರೆ ಅಂಕಪಟ್ಟಿಯಲ್ಲಿ ಏನೂ ಕಾಣುವುದಿಲ್ಲ, ಚೆಂಡು ತಗುಲಿದರೆ ಮೈಮೇಲೆ ಕಾಣುತ್ತದೆ. ನನ್ನನ್ನು ಕೇಳಿದರೆ ಕಳೆದ ಕೆಲವು ವರ್ಷಗಳಲ್ಲಿ ಭಾರತದ ಡಿಫೆನ್ಸ್‌ನಲ್ಲಿ ಅತಿ ಬೆಲೆಬಾಳುವ ಕೆಲಸ ಇದೇ. ವ್ಯಾಕರಣವಾದರೂ ಪೂರ್ವಪದವನ್ನು ಅಪ್ರಧಾನ ಎನ್ನುವಾಗ ತುಸು ನಾಚಬೇಕು.

ಸಮಾಸದ ಪರೀಕ್ಷೆ ನಡೆಯುವುದು ಅದನ್ನು ಬಿಡಿಸಿದಾಗ. ಬಿಡಿಸಿ ಹೇಳುವುದಕ್ಕೆ ವಿಗ್ರಹವಾಕ್ಯ ಎಂದು ಹೆಸರು. ಹಾಕಿಯಲ್ಲಿ ವಿಗ್ರಹವಾಕ್ಯವನ್ನು ರಚಿಸುವವರು ಎದುರಾಳಿ ಫಾರ್ವರ್ಡ್‌ಗಳು, ಅಪರೂಪಕ್ಕೆ ಅಂಪೈರ್. 2024ರ ಆಗಸ್ಟ್ 4ರಂದು ಗ್ರೇಟ್ ಬ್ರಿಟನ್ ಎದುರಿನ ಪ್ಯಾರಿಸ್ ಕ್ವಾರ್ಟರ್‌ಫೈನಲ್‌ನ 17ನೇ ನಿಮಿಷದಲ್ಲಿ ರೋಹಿದಾಸ್ ಕೋಲು ಎದುರಾಳಿಯ ಮುಖಕ್ಕೆ ತಗುಲಿತು, ಕೆಂಪು ಕಾರ್ಡ್ ಬಂತು. ತತ್ಪುರುಷ ಅಲ್ಲಿಗೆ ಅಂಶಿಯಾಯಿತು, ಇಡಿಯಲ್ಲಿ ಒಂದು ಭಾಗವಷ್ಟೇ ಉಳಿಯಿತು. ಇನ್ನುಳಿದ 43 ನಿಮಿಷ ಭಾರತ ಹತ್ತು ಮಂದಿಯೊಂದಿಗೆ ಆಡಿತು. ಆಗ ನಡೆದದ್ದು ಸಮಾಸಕ್ಕಿಂತ ಸಂಧಿಗೆ ಸೇರಿದ ವಿಷಯ. ಎರಡು ಸ್ವರಗಳ ನಡುವೆ ಬಿರುಕು ಬಿಟ್ಟಲ್ಲಿ ಯಕಾರವೋ ವಕಾರವೋ ಬಂದು ತುಂಬುವಂತೆ ಮಿಡ್‌ಫೀಲ್ಡರ್ ಮನ್‌ಪ್ರೀತ್ ಸಿಂಗ್ ಹಿಂದಕ್ಕೆ ಬಂದು ಡಿಫೆಂಡರ್ ಆಗಿ ನಿಂತರು, ಶುದ್ಧ ಆಗಮ. ಪಂದ್ಯ 1-1ರಲ್ಲಿ ಮುಗಿದು ಶೂಟೌಟ್‌ನಲ್ಲಿ ಭಾರತ 4-2ರಿಂದ ಗೆದ್ದಿತು. ರೋಹಿದಾಸ್ ಅಮಾನತಾಗಿ ಹೊರಗಿದ್ದ ಸೆಮಿಫೈನಲ್‌ನಲ್ಲಿ ಜರ್ಮನಿ 3-2ರಿಂದ ಗೆದ್ದಿತು. ಒಂದು ಪಂದ್ಯಕ್ಕೆ ಒಪ್ಪುವ ಆಗಮ ಎರಡನೆಯ ಪಂದ್ಯಕ್ಕೆ ಒಪ್ಪಲೇಬೇಕೆಂದಿಲ್ಲ.

ಒಂದಕ್ಷರದ ಜಾಗಕ್ಕೆ ಇನ್ನೊಂದು ಬರುವ ಆದೇಶಸಂಧಿಯ ಮಹಿಮೆ ಇನ್ನೂ ಹಳೆಯದು. 1975ರಲ್ಲಿ ಕ್ವಾಲಾಲಂಪುರದ ವಿಶ್ವಕಪ್ ಸೆಮಿಫೈನಲ್. ಮಲೇಷ್ಯಾ 2-1ರಿಂದ ಮುಂದಿದೆ, ಸಮಯ ಮುಗಿಯುತ್ತಾ ಬಂದಿದೆ. ಬ್ಯಾಕ್ ಮೈಕೆಲ್ ಕಿಂಡೋ ಜಾಗಕ್ಕೆ ಅಸ್ಲಂ ಶೇರ್ ಖಾನ್ ಬಂದರು, ಕೊರಳಿನ ತಾಯಿತಕ್ಕೆ ಮುತ್ತಿಟ್ಟು ಪೆನಾಲ್ಟಿ ಕಾರ್ನರನ್ನು ಗೋಲಾಗಿಸಿದರು. ಆಮೇಲೆ ಹರ್‌ಚರಣ್ ಸಿಂಗ್ ಗೆಲುವಿನ ಗೋಲು ಹೊಡೆದರು. ಪಾಕಿಸ್ತಾನದ ಎದುರಿನ ಫೈನಲ್‌ನಲ್ಲೂ ಭಾರತದ ಮೊದಲ ಗೋಲು ಬ್ಯಾಕ್ ಸುರ್ಜಿತ್ ಸಿಂಗ್ ಅವರದೇ. ಆ ತಂಡದ ಫಾರ್ವರ್ಡ್‌ಗಳಲ್ಲಿ ಕೊಡಗಿನ ಬಿ.ಪಿ. ಗೋವಿಂದ ಇದ್ದರು ಎಂಬುದನ್ನು ಹೇಳದೆ ಮುಂದೆ ಹೋದರೆ ಕೊಡಗಿನವರು ಈ ಗ್ರಂಥವನ್ನು ಮುಚ್ಚಿಬಿಡುತ್ತಾರೆ.

ಕೊಡಗಿನ ಮಾತು ಬಂತು. ಪಾಂಡಂಡ ಕುಟ್ಟಪ್ಪ ಅವರು 1997ರಲ್ಲಿ ಆರಂಭಿಸಿದ ಕೊಡವ ಹಾಕಿ ಹಬ್ಬದಲ್ಲಿ ತಂಡ ಎಂದರೆ ಒಕ್ಕ, ಅಂದರೆ ಒಂದೇ ಮನೆತನದವರು. ಗಂಡಸರು, ಹೆಂಗಸರು, ಎಳೆಯರು, ಹಿರಿಯರು ಒಟ್ಟಿಗೆ ಆಡುತ್ತಾರೆ. ಅಲ್ಲಿ ಡಿಫೆಂಡರ್ ಜೋಡಿಯನ್ನು ಕೋಚ್ ಆರಿಸುವ ಮೊದಲೇ ವಂಶವೃಕ್ಷ ಆರಿಸಿರುತ್ತದೆ. ಬಿಡಿಸಲು ಬಾರದ ಇದನ್ನು ನಿತ್ಯಸಮಾಸ ಎನ್ನಬೇಕು. ದೊಡ್ಡಪ್ಪ ಚೆಂಡು ಬಿಟ್ಟರೆಂದು ತಮ್ಮನ ಮಗ ರೇಗುವುದು ಹೇಗೆ? ಫುಲ್ಟನ್‌ಗೆ ಈ ತೊಂದರೆಯಿಲ್ಲ.

ಅರಿಸಮಾಸ ದೋಷ. ಕನ್ನಡ ಪದವನ್ನೂ ಸಂಸ್ಕೃತ ಪದವನ್ನೂ ಬೆಸೆಯಬಾರದೆಂದು ಲಾಕ್ಷಣಿಕರು ಕಟ್ಟುನಿಟ್ಟಾಗಿ ಹೇಳಿ, ಬಿರುದಾವಳಿಗಳಿಗೆ ವಿನಾಯಿತಿ ಕೊಟ್ಟರು. ಹಾಕಿ ಇಂಡಿಯಾ ಲೀಗ್ ನಮ್ಮ ಬಿರುದಾವಳಿ. ಏಳು ವರ್ಷ ನಿಂತು 2024ರ ಡಿಸೆಂಬರ್‌ನಲ್ಲಿ ಮತ್ತೆ ಶುರುವಾದ ಈ ಲೀಗ್‌ನಲ್ಲಿ ಯುರೋಪಿನ ಬ್ಯಾಕ್ ಪಕ್ಕದಲ್ಲಿ ಪಂಜಾಬಿನ ಹುಡುಗ ನಿಂತರೂ ಯಾರೂ ದೋಷವೆನ್ನುವುದಿಲ್ಲ. ಆ ಮೊದಲ ಋತುವಿನ ಫೈನಲ್‌ನಲ್ಲಿ ಹೈದರಾಬಾದ್ ತೂಫಾನ್ಸ್ ಎದುರು ಬೆಂಗಾಲ್ ಟೈಗರ್ಸ್ 4-3ರಿಂದ ಗೆದ್ದಾಗ ಹ್ಯಾಟ್ರಿಕ್ ಹೊಡೆದದ್ದು ಜುಗರಾಜ್ ಸಿಂಗ್, ಮತ್ತೊಬ್ಬ ಡಿಫೆಂಡರ್.

ಈ ಜುಗರಾಜ್‌ರನ್ನು ಉತ್ತರಪದ ಕ್ರಿಯೆಯಾಗಿರುವ ಕ್ರಿಯಾಸಮಾಸದಲ್ಲಿ ಇಡುತ್ತೇನೆ. ಚೀನಾ ಎದುರಿನ 2024ರ ಏಷ್ಯನ್ ಚಾಂಪಿಯನ್ಸ್ ಟ್ರೋಫಿ ಫೈನಲ್‌ನಲ್ಲಿ 50 ನಿಮಿಷ ಕಳೆದರೂ ಫಾರ್ವರ್ಡ್‌ಗಳಿಂದ ಗೋಲು ಬರಲಿಲ್ಲ. ಆಗ ಹರ್ಮನ್‌ಪ್ರೀತ್ ವೃತ್ತದೊಳಗೆ ನುಗ್ಗಿ ಚೆಂಡು ಕೊಟ್ಟರು, ಜುಗರಾಜ್ ಹೊಡೆದರು, ಭಾರತ 1-0ಯಿಂದ ಗೆದ್ದಿತು. ಕೊಟ್ಟವರೂ ಬ್ಯಾಕ್, ಹೊಡೆದವರೂ ಬ್ಯಾಕ್. ಆ ಕ್ಷಣದಲ್ಲಿ ಹಿಂದೆ ಯಾರಿದ್ದರೆಂದು ಕೇಳುವವನು ರಸಿಕನಲ್ಲ, ಆದರೆ ಕೋಚ್ ಆಗಬಲ್ಲ.

ದ್ವಿಗು, ಗಮಕ ಎರಡನ್ನೂ ಬೇಗ ಮುಗಿಸುತ್ತೇನೆ. ಮೊದಲನೆಯದರಲ್ಲಿ ಸಂಖ್ಯೆಯೇ ಪೂರ್ವಪದ, ವಿಡಿಯೋ ವಿಶ್ಲೇಷಕರು ಲ್ಯಾಪ್‌ಟಾಪ್‌ನಲ್ಲಿ ಕಟ್ಟುವ ಜೋಡಿ ಇದು. ಎರಡನೆಯದು ‘ಆ ಹುಡುಗ’, ‘ಈ ಹುಡುಗ’ ಎಂದು ಆಯ್ಕೆಗಾರರು ಬೆರಳು ತೋರಿ ಕಟ್ಟುವ ಜೋಡಿ. ಎರಡೂ ಬೆಂಗಳೂರಿನ ಸಾಯ್ ಕೇಂದ್ರದ ಶಿಬಿರಗಳಲ್ಲಿ ಹೇರಳ.

ಇನ್ನು ಸಿದ್ಧಾಂತ. ವಿಶ್ವಕಪ್ ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂನಲ್ಲಿ ಆಗಸ್ಟ್ 15ರಿಂದ 30ರವರೆಗೆ. ಜಪಾನಿನ ಏಷ್ಯನ್ ಗೇಮ್ಸ್ ಸೆಪ್ಟೆಂಬರ್ 19ಕ್ಕೇ ಆರಂಭ, ಅಲ್ಲಿಯ ಚಿನ್ನ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ನೇರ ದಾರಿ. ನಡುವೆ ಮೂರು ವಾರವೂ ಇಲ್ಲ. ರೋಹಿದಾಸ್ 1993ರಲ್ಲಿ, ಹರ್ಮನ್‌ಪ್ರೀತ್ 1996ರಲ್ಲಿ ಹುಟ್ಟಿದವರು. ಒಂದೇ ತತ್ಪುರುಷದ ಮೇಲೆ ಎರಡು ಟೂರ್ನಿಗಳ ಭಾರ ಹೊರಿಸುವುದು ವ್ಯಾಕರಣಕ್ಕೂ ಮೊಣಕಾಲಿಗೂ ಒಳ್ಳೆಯದಲ್ಲ. ಜರ್ಮನ್‌ಪ್ರೀತ್ ಸಿಂಗ್ ಮತ್ತು ಸುಮಿತ್ ಅಂಚುಗಳಲ್ಲಿರಲಿ. 2025ರ ನವೆಂಬರ್‌ನಲ್ಲಿ ಸುಲ್ತಾನ್ ಅಜ್ಲಾನ್ ಷಾ ಕಪ್‌ಗೆ ಹೋದ ತಂಡವನ್ನು ನಡೆಸಿ ಬೆಳ್ಳಿ ತಂದವರು ಯುವ ಡಿಫೆಂಡರ್ ಸಂಜಯ್. ಎಲ್ಲರೂ ಹರ್ಮನ್‌ಪ್ರೀತ್ ಪಕ್ಕಕ್ಕೆ ಯಾರು ಎಂದು ಕೇಳುತ್ತಿದ್ದಾರೆ. ಸಂಜಯ್ ಪಕ್ಕಕ್ಕೆ ಯಾರು ಎಂದು ಈಗಲೇ ಕೇಳಿ, ಪ್ರತಿ ಪಂದ್ಯದ ಎರಡನೆಯ ಕ್ವಾರ್ಟರನ್ನು ಆ ಜೋಡಿಗೆ ಬಿಟ್ಟುಕೊಡಬೇಕು. ನನ್ನ ಮತ ಜುಗರಾಜ್‌ಗೆ, ಅವರು ವೃತ್ತದೊಳಗೆ ನುಗ್ಗಿದಾಗ ಸಂಜಯ್ ಹಿಂದೆ ಉಳಿಯುತ್ತಾರೆ ಎಂಬ ಷರತ್ತಿನ ಮೇಲೆ.